ಕಿಟಕಿ ಜಾಲರಿ ಕದದ ಲೋಹ ಪರಿಕರಗಳು

ಸೊಳ್ಳೆ, ನೊಣ ಮೊದಲಾದ ಕೀಟಗಳನ್ನು ತಡೆದು ಗಾಳಿ ಬೆಳಕನ್ನು ಒಳಬಿಡುವ ಜಾಲರಿ ಕದವನ್ನು ಆಕಾರ ಕೆಡದಂತೆ ಬಿಗಿಯುವ, ಕಿಟಕಿಯ ಚೌಕಟ್ಟಿಗೆ ತೂಗುಹಾಕುವ ಮತ್ತು ಅಲುಗದಂತೆ ಹಿಡಿದಿಡುವ ಸರಳ ಲೋಹದ ತುಣುಕುಗಳನ್ನು ಒಟ್ಟಾಗಿ ಕಿಟಕಿ ಜಾಲರಿ ಕದದ ಲೋಹ ಪರಿಕರಗಳು ಎನ್ನಲಾಗುತ್ತದೆ. ಮೂಲೆಗೆ ಬಡಿಯುವ ಚಪ್ಪಟೆ ಪಟ್ಟಿ, ಕರ್ಣದುದ್ದಕ್ಕೆ ಎಳೆದು ಕಟ್ಟುವ ಸರಳು, ಮೇಲಂಚಿನಲ್ಲಿ ಕದವನ್ನು ಹೊರುವ ಕೊಕ್ಕೆ, ಕೆಳಗೆ ಸಿಕ್ಕಿಸುವ ಕೊಕ್ಕೆ ಮತ್ತು ಬಳೆ, ಕೀಲು, ತಿರುಗುಪಟ್ಟಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಒಂದೊಂದರ ಬೆಲೆಯೂ ತೂಕವೂ ಅತ್ಯಲ್ಪವಾಗಿದ್ದರೂ, ಜಾಲರಿ ಎಷ್ಟೇ ಉತ್ತಮವಾಗಿದ್ದರೂ ಕದದ ಅಂಚಿನಲ್ಲಿ ಸಂದು ಬಿಟ್ಟರೆ ಅದರ ಉದ್ದೇಶವೇ ಕೆಡುವುದರಿಂದ, ಇಡೀ ವ್ಯವಸ್ಥೆಯ ಫಲ ಈ ತುಣುಕುಗಳನ್ನೇ ಅವಲಂಬಿಸಿರುತ್ತದೆ.

ಈ ಲೇಖನದಲ್ಲಿ ಚೌಕಟ್ಟು ಎಂದರೆ ಗೋಡೆಯಲ್ಲಿ ಭದ್ರವಾಗಿ ಕೂತ, ಕಿಟಕಿಯನ್ನು ಹೊರುವ ಮರದ ಅಥವಾ ಲೋಹದ ಭಾಗ. ಜಾಲರಿ ಕದ ಎಂದರೆ ತೆಗೆದು ಹಾಕಲು ಅಥವಾ ತೆರೆದು ಮುಚ್ಚಲು ಬರುವ, ಜಾಲರಿ ಹೊದಿಸಿದ ಹಲಗೆಯಂಥ ಅಂಗ. ಕದದ ಲಂಬ ಭಾಗಗಳನ್ನು ನಿಲುಪಟ್ಟಿಗಳೆಂದೂ ಅಡ್ಡ ಭಾಗಗಳನ್ನು ಅಡ್ಡಪಟ್ಟಿಗಳೆಂದೂ ಕರೆಯಲಾಗಿದೆ.

ಉಗಮ

ತಂತಿಯಿಂದ ನೇಯ್ದ ಬಟ್ಟೆ ಮೊದಲು ಬಳಕೆಯಾದದ್ದು ಕಿಟಕಿಗಲ್ಲ, ಜರಡಿಗೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕುದುರೆಗೂದಲಿನ ಜರಡಿಗಳಿಂದ ಆರಂಭಿಸಿ ತಂತಿ ಜರಡಿಗಳಿಗೆ ಬಂದಿದ್ದ ಗಿಲ್ಬರ್ಟ್ ಅಂಡ್ ಬೆನೆಟ್ ಕಂಪನಿಯು, 1861ರಲ್ಲಿ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ರಾಜ್ಯಗಳ ಮಾರುಕಟ್ಟೆ ಕೈತಪ್ಪಿದಾಗ, ಮಾರಾಟವಾಗದೆ ಉಳಿದ ತಂತಿ ಬಟ್ಟೆಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದು ಕಿಟಕಿಗೆ ಹಾಕುವ ಜಾಲರಿಯಾಗಿ ಮಾರತೊಡಗಿತು. ಅಲ್ಲಿಯವರೆಗೆ ಕಿಟಕಿಗಳಿಗೆ ಹತ್ತಿಯ ತೆಳುಬಟ್ಟೆ ಕಟ್ಟುವ ರೂಢಿಯಿತ್ತು. ಅದು ಗಾಳಿಯನ್ನು ತಡೆಯುತ್ತಿತ್ತು, ಮಳೆಗೆ ಬೇಗ ಹರಿಯುತ್ತಿತ್ತು. ತಂತಿ ಜಾಲರಿ ಬಾಳಿಕೆ ಬರುವ ವಸ್ತುವಾದ ಕಾರಣ ಅದನ್ನು ಹೊರಲು ಬಾಳಿಕೆಯ ಮರದ ಕದವೂ, ಕದವನ್ನು ಋತುವಿಗೆ ತಕ್ಕಂತೆ ಏರಿಸಿ ಇಳಿಸಲು ಲೋಹದ ತೂಗು ಪರಿಕರಗಳೂ ಬೇಕಾದವು.

ಈ ಪರಿಕರಗಳ ಸ್ವರೂಪವನ್ನು ನಿರ್ಧರಿಸಿದ್ದು ಅಮೆರಿಕದ ಮನೆಗಳ ಕಿಟಕಿಯ ಬಗೆ. ಅಲ್ಲಿ ಪ್ರಚಲಿತವಾಗಿದ್ದದ್ದು ಒಂದರ ಹಿಂದೆ ಒಂದಾಗಿ ಎರಡು ಗಾಜಿನ ಕದಗಳು ಮೇಲೆ ಕೆಳಗೆ ಜಾರುವ ಕಿಟಕಿ. ಇಂಥ ಕಿಟಕಿಯಲ್ಲಿ ಗಾಜಿನ ಕದ ಹೊರಗೂ ಚಾಚುವುದಿಲ್ಲ, ಒಳಗೂ ಚಾಚುವುದಿಲ್ಲ. ಹೀಗಾಗಿ ಚೌಕಟ್ಟಿನ ಹೊರಮೈಯಲ್ಲಿ ಇನ್ನೊಂದು ಕದವನ್ನು ತೂಗುಹಾಕಲು ಜಾಗ ಬಿಡುವಾಗಿ ಉಳಿಯುತ್ತದೆ. ಚಳಿ ಪ್ರದೇಶಗಳಲ್ಲಿ ಅದೇ ಜಾಗದಲ್ಲಿ ಚಳಿಗಾಲಕ್ಕೆ ಗಾಳಿ ತಡೆಯುವ ಹೆಚ್ಚುವರಿ ಗಾಜಿನ ಕದವನ್ನೂ, ಬೇಸಿಗೆಗೆ ಜಾಲರಿ ಕದವನ್ನೂ ಒಂದೇ ಜೋಡಿ ಕೊಕ್ಕೆಗಳಿಗೆ ಸರದಿಯಂತೆ ಹಾಕುವ ಪದ್ಧತಿ ಬೆಳೆಯಿತು. ಕೈಯಿಂದ ಮಾಡಿದ ಮನೆಗಳಲ್ಲಿ ಯಾವ ಎರಡು ಕಿಟಕಿಗಳೂ ಅಳತೆಯಲ್ಲಿ ಕೂದಲೆಳೆಯಷ್ಟಾದರೂ ಬೇರೆಯಾಗಿರುವುದರಿಂದ, ಅಂಕಿ ಕೆತ್ತಿದ ಪುಟ್ಟ ಮೊಳೆಗಳನ್ನು ಜೋಡಿಯಾಗಿ ತಂದು ಒಂದನ್ನು ಚೌಕಟ್ಟಿಗೂ ಅದೇ ಅಂಕಿಯ ಇನ್ನೊಂದನ್ನು ಕದಕ್ಕೂ ಬಡಿದು ಗುರುತಿಡಲಾಗುತ್ತಿತ್ತು. ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಪಟ್ಟಣದಲ್ಲಿ 1843ರಲ್ಲಿ ಅಗುಳಿ ತಯಾರಿಕೆಯಿಂದ ಆರಂಭವಾದ ಸ್ಟ್ಯಾನ್ಲಿ ಸಂಸ್ಥೆಯಂಥ ಲೋಹ ಸಾಮಾನು ತಯಾರಕರು ಮುಂದೆ ಇಂಥ ತೂಗು ಪರಿಕರಗಳನ್ನು ಸಿದ್ಧವಸ್ತುವಾಗಿ ಮಾರಿದರು.

ಆರಂಭದಲ್ಲಿ ಜಾಲರಿ ನೊಣದ ಕಾಟ ತಪ್ಪಿಸುವ ಸೌಕರ್ಯ ಮಾತ್ರವಾಗಿತ್ತು. ಅದು ಆರೋಗ್ಯ ರಕ್ಷಣೆಯ ಸಾಧನವೆನಿಸಿದ್ದು 19ನೇ ಶತಮಾನದ ಕೊನೆಯಲ್ಲಿ. ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಗುರುತಿಸಿದ ಬಳಿಕ, ಸೊಳ್ಳೆಯನ್ನು ಮನೆಯ ಹೊರಗೇ ತಡೆದರೆ ರೋಗವನ್ನೂ ತಡೆಯಬಹುದೇ ಎಂಬ ಪರೀಕ್ಷೆಗಳು ಇಟಲಿಯಲ್ಲಿ ನಡೆದವು. ವೈದ್ಯ ಆಂಜೆಲೊ ಚೆಲ್ಲಿ ಅವರು ರೋಮ್ ಸುತ್ತಲಿನ ಮಲೇರಿಯಾಪೀಡಿತ ಬಯಲಿನಲ್ಲಿ ರೈಲ್ವೆ ಕೆಲಸಗಾರರ ಮನೆಗಳಿಗೆ ಜಾಲರಿ ಹಾಕಿಸಿ ಫಲ ಕಂಡರು. 1900ರಲ್ಲಿ ಅದೇ ಬಯಲಿನ ಒಸ್ತಿಯಾ ಬಳಿ ಲೂಯಿ ಸ್ಯಾಂಬನ್ ಮತ್ತು ಜಾರ್ಜ್ ಲೋ ಎಂಬ ವೈದ್ಯರು ಜಾಲರಿ ಹಾಕಿದ ಮರದ ಮನೆಯಲ್ಲಿ ಇಡೀ ರೋಗಕಾಲವನ್ನು ಕಳೆದು, ಕತ್ತಲಾಗುವ ಮೊದಲೇ ಒಳಗೆ ಸೇರಿಕೊಳ್ಳುವ ನಿಯಮವನ್ನಷ್ಟೇ ಪಾಲಿಸಿ, ಜ್ವರ ತಗುಲದೆ ಹೊರಬಂದರು. 1904ರಿಂದ ಪನಾಮಾ ಕಾಲುವೆ ಪ್ರದೇಶದಲ್ಲಿ ವಿಲಿಯಂ ಗೋರ್ಗಸ್ ಅವರ ನೇತೃತ್ವದ ನೈರ್ಮಲ್ಯ ಇಲಾಖೆಯು ಕಟ್ಟಡಗಳಿಗೆ ದೊಡ್ಡ ಪ್ರಮಾಣದಲ್ಲಿ ಜಾಲರಿ ಅಳವಡಿಸಿತು. ಕಡಲ ತೇವದಲ್ಲಿ ಕಬ್ಬಿಣದ ಜಾಲರಿ ಉಳಿಯದ ಕಾರಣ ಅಲ್ಲಿ ತಾಮ್ರದ ಜಾಲರಿಯನ್ನು ಆರಿಸಿಕೊಳ್ಳಲಾಯಿತು. ಸೌಕರ್ಯಕ್ಕಾಗಿ ಹಾಕಿದ ಜಾಲರಿಯ ಅಂಚಿನಲ್ಲಿ ಸ್ವಲ್ಪ ಸಂದಿದ್ದರೆ ನಡೆಯುತ್ತಿತ್ತು. ರೋಗ ತಡೆಯಲು ಹಾಕಿದ ಜಾಲರಿಗೆ ಆ ಸಡಿಲಿಕೆ ಸಲ್ಲದು. ಬಿಗಿ ಪರಿಕರಗಳು ಮುಖ್ಯವಾದದ್ದು ಈ ಬದಲಾವಣೆಯಿಂದ.

ರಚನೆ ಮತ್ತು ಕದದ ಮೇಲಿನ ಬಲಗಳು

ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಸೇರಿಸಿದರೆ ಆಯತವಾಗುತ್ತದೆ, ಆದರೆ ಆಯತಕ್ಕೆ ತನ್ನಷ್ಟಕ್ಕೆ ಬಿಗಿತವಿಲ್ಲ. ಮೂಲೆಯ ಜೋಡಣೆ ಸ್ವಲ್ಪ ಸಡಿಲವಾದರೂ ಅದು ಓರೆಯಾಗಿ ವಾಲುತ್ತದೆ. ತ್ರಿಕೋನ ಮಾತ್ರ ಬಾಹುಗಳ ಉದ್ದ ಬದಲಾಗದ ಹೊರತು ಆಕಾರ ಬದಲಿಸದು. ಜಾಲರಿ ಕದದ ಎಲ್ಲ ಬಿಗಿ ಪರಿಕರಗಳೂ ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ: ಮೂಲೆಯನ್ನೇ ಅಲುಗದಂತೆ ಗಟ್ಟಿಗೊಳಿಸುವುದು, ಇಲ್ಲವೇ ಆಯತದೊಳಗೆ ತ್ರಿಕೋನವನ್ನು ಸೃಷ್ಟಿಸುವುದು. ಬಿಗಿಯಾಗಿ ಎಳೆದು ಬಡಿದ ಜಾಲರಿಯೇ ಕದವನ್ನು ನೆಟ್ಟಗೆ ಹಿಡಿಯುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ಜಾಲರಿಯ ತಂತಿಗಳು ಕದದ ಅಂಚುಗಳಿಗೆ ಸಮಾಂತರವಾಗಿ ಓಡುತ್ತವೆ. ಆಯತ ಓರೆಯಾದಾಗ ಉದ್ದ ಬದಲಾಗುವುದು ಕರ್ಣದ ದಿಕ್ಕಿನಲ್ಲಿ. ಆ ದಿಕ್ಕಿನಲ್ಲಿ ತಂತಿಯೇ ಇಲ್ಲದಿರುವುದರಿಂದ ನೇಯ್ಗೆಯ ಚೌಕಗಳು ಕದದೊಂದಿಗೆ ತಾವೂ ಓರೆಯಾಗುತ್ತವೆ, ತಡೆಯೊಡ್ಡುವುದು ಅತ್ಯಲ್ಪ.

ಜಾಲರಿ ಬಿಗಿತ ಕೊಡದಿದ್ದರೂ ಭಾರವನ್ನಂತೂ ಹೇರುತ್ತದೆ. ಅದು ಸುಕ್ಕಿಲ್ಲದೆ ನಿಲ್ಲಬೇಕಾದರೆ ಎಳೆದು ಬಡಿಯಬೇಕು. ಆ ಎಳೆತ ಉದ್ದದ ನಿಲುಪಟ್ಟಿಗಳ ನಡುಭಾಗವನ್ನು ಒಳಕ್ಕೆ ಬಾಗಿಸುತ್ತದೆ. ಎತ್ತರದ ಕದಗಳ ನಡುಭಾಗದಲ್ಲಿ ಒಂದು ಹೆಚ್ಚುವರಿ ಅಡ್ಡಪಟ್ಟಿ ಇರುವುದು ಇದಕ್ಕಾಗಿಯೇ. ಇದರ ಜೊತೆಗೆ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಮೂಲೆಯ ಜೋಡಣೆ ವರ್ಷಕ್ಕೊಮ್ಮೆಯಾದರೂ ಸಡಿಲಗೊಂಡು ಮತ್ತೆ ಬಿಗಿಯಾಗುತ್ತದೆ, ಅಂಟು ಬಿಡುತ್ತದೆ, ಮೊಳೆಯ ತೂತು ಅಗಲವಾಗುತ್ತದೆ.

ಕದದ ಸ್ವಂತ ತೂಕ ಯಾವ ಪರಿಣಾಮ ಮಾಡುತ್ತದೆ ಎಂಬುದು ಅದನ್ನು ಎಲ್ಲಿ ತೂಗುಹಾಕಲಾಗಿದೆ ಎಂಬುದರ ಮೇಲೆ ನಿಂತಿದೆ. ಮೇಲಂಚಿನ ಎರಡು ಕೊಕ್ಕೆಗಳಿಂದ ತೂಗುವ ಕದದಲ್ಲಿ ತೂಕ ನಿಲುಪಟ್ಟಿಗಳ ಮೂಲಕ ನೇರವಾಗಿ ಮೇಲಕ್ಕೆ ಸಾಗುತ್ತದೆ. ಕದವನ್ನು ಓರೆ ಮಾಡುವ ಬಲ ಬಹುಮಟ್ಟಿಗೆ ಇರುವುದಿಲ್ಲ. ಒಂದು ಬದಿಯ ಕೀಲುಗಳ ಮೇಲೆ ನಿಂತ ಕದದಲ್ಲಿ ಹಾಗಲ್ಲ. ತೂಕದ ಕೇಂದ್ರ ಕೀಲಿನಿಂದ ಅರ್ಧ ಅಗಲದಷ್ಟು ದೂರವಿರುವುದರಿಂದ ಮೇಲಿನ ಕೀಲು ಎಳೆತಕ್ಕೂ ಕೆಳಗಿನ ಕೀಲು ಒತ್ತಿಗೂ ಸಿಕ್ಕಿ, ಚಿಲಕದ ಬದಿ ಕ್ರಮೇಣ ಜೋಲು ಬೀಳುತ್ತದೆ. 600 ಮಿ.ಮೀ. ಅಗಲ, 1200 ಮಿ.ಮೀ. ಎತ್ತರದ, 45 ಮಿ.ಮೀ. ಅಗಲ 20 ಮಿ.ಮೀ. ದಪ್ಪದ ತೇಗದ ಪಟ್ಟಿಗಳ ಕದ ಸುಮಾರು 2 ಕಿಲೋ ತೂಗುತ್ತದೆ. ಕೀಲುಗಳ ನಡುವೆ 900 ಮಿ.ಮೀ. ಅಂತರವಿದ್ದರೆ ಮೇಲಿನ ಕೀಲಿನ ಮೇಲೆ ಬೀಳುವ ಅಡ್ಡ ಎಳೆತ ಈ ತೂಕದ ಮೂರನೆಯ ಒಂದು ಭಾಗ ಮಾತ್ರ. ಇದು ದೊಡ್ಡ ಬಲವಲ್ಲ, ಆದರೆ ಹಗಲು ರಾತ್ರಿ ಬಿಡುವಿಲ್ಲದೆ ಒಂದೇ ದಿಕ್ಕಿಗೆ ಎಳೆಯುವ ಬಲ; ತೇವದಿಂದ ಸಡಿಲಗೊಂಡ ಮೂಲೆಗೆ ಅಷ್ಟೇ ಸಾಕು. ಅಗಲ ಹೆಚ್ಚಿದಷ್ಟೂ, ಕೀಲುಗಳ ನಡುವಿನ ಅಂತರ ಕಡಿಮೆಯಾದಷ್ಟೂ ಈ ಬಲ ಏರುತ್ತದೆ.

ಬಿಗಿ ಪರಿಕರಗಳು

ಮೂಲೆಪಟ್ಟಿ ಇವುಗಳಲ್ಲಿ ಅತ್ಯಂತ ಸರಳವಾದದ್ದು ಮತ್ತು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು. ಚಪ್ಪಟೆ ತಗಡನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಕತ್ತರಿಸಿ, ಪ್ರತಿ ತೋಳಿನಲ್ಲಿ ಎರಡು ತೂತು ಕೊರೆದು, ತಿರುಪುಮೊಳೆಯ ತಲೆ ಮಟ್ಟಸವಾಗಿ ಕೂರುವಂತೆ ತೂತಿನ ಬಾಯಿಯನ್ನು ಅಗಲಿಸಲಾಗಿರುತ್ತದೆ. ಕರ್ನಾಟಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದನ್ನು ಎಲ್ ಪಟ್ಟಿ ಎಂದೇ ಕೇಳಲಾಗುತ್ತದೆ. ಕದದ ಮುಖದ ಮೇಲೆ ಮೂಲೆಗೆ ಸರಿಯಾಗಿ ಇಟ್ಟು ತಿರುಪು ಬಿಗಿದಾಗ ನಿಲುಪಟ್ಟಿ ಮತ್ತು ಅಡ್ಡಪಟ್ಟಿಗಳ ನಡುವಿನ ಲಂಬಕೋನ ಬದಲಾಗದಂತೆ ಇದು ಹಿಡಿಯುತ್ತದೆ. ಇದೇ ವರ್ಗದ ಮೂಲೆಕೋನ ಎಂಬುದು ನೇರ ಪಟ್ಟಿಯನ್ನು ನಡುವೆ 90 ಡಿಗ್ರಿಗೆ ಮಡಿಸಿ ಮಾಡಿದ್ದು; ಅದು ಕದದ ಒಳಮೂಲೆಯಲ್ಲಿ ಕೂರುತ್ತದೆ. ಎರಡೂ ನೋಡಲು ಸಮಾನವೆನಿಸಿದರೂ ಕೆಲಸದಲ್ಲಿ ಬಹಳ ವ್ಯತ್ಯಾಸವಿದೆ. ಕದ ಓರೆಯಾಗುವಾಗ ಮೂಲೆಪಟ್ಟಿ ತನ್ನ ಪೂರ್ಣ ಅಗಲದಿಂದ ಅದನ್ನು ಎದುರಿಸುತ್ತದೆ. ಮೂಲೆಕೋನವಾದರೋ ತನ್ನ ತೆಳು ದಪ್ಪದಿಂದ ಮಾತ್ರ ಎದುರಿಸಬೇಕಾದ್ದರಿಂದ ಮಡಿಕೆಯಲ್ಲಿ ಸುಲಭವಾಗಿ ತೆರೆದುಕೊಳ್ಳುತ್ತದೆ. ಕಪಾಟಿನ ಹಲಗೆಗೆ ಆಸರೆಯಾಗಿ ಮೂಲೆಕೋನ ತಕ್ಕುದೇ ಸರಿ, ಜಾಲರಿ ಕದದ ಮೂಲೆಗೆ ಚಪ್ಪಟೆ ಮೂಲೆಪಟ್ಟಿಯೇ ಸೂಕ್ತ.

ನಡುವಿನ ಅಡ್ಡಪಟ್ಟಿ ನಿಲುಪಟ್ಟಿಯನ್ನು ಸೇರುವಲ್ಲಿ ಟಿ ಆಕಾರದ ಪಟ್ಟಿಯನ್ನೂ, ಸೀಳಿದ ಮರವನ್ನು ಕೂಡಿಸಲು ನೇರಪಟ್ಟಿಯನ್ನೂ ಬಳಸಲಾಗುತ್ತದೆ.

ಮೂಲೆಪಟ್ಟಿಯ ಬಲ ಅದನ್ನು ಹಿಡಿದಿರುವ ಮರದ ಬಲಕ್ಕಿಂತ ಹೆಚ್ಚಾಗಲಾರದು. ಎರಡು ತಿರುಪುಗಳು ಮರದ ಎಳೆಯ ಒಂದೇ ಸಾಲಿನಲ್ಲಿ ಬಿದ್ದರೆ ಮರ ಸೀಳುವ ಸಂಭವವಿರುವುದರಿಂದ ತೂತುಗಳನ್ನು ಸ್ವಲ್ಪ ಅಕ್ಕಪಕ್ಕಕ್ಕೆ ಸರಿಸಿ ಕೊರೆದ ಪಟ್ಟಿಗಳು ಮೇಲು. ಜೋಡಣೆಯ ಬಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗುಳಿ ಕೊರೆದು ನಾಲಿಗೆ ಕೂರಿಸಿದ ಮೂಲೆಗೆ ಲೋಹದ ಪಟ್ಟಿ ಹೆಚ್ಚುವರಿ ಆಸರೆ ಮಾತ್ರ. ಎರಡು ತುಂಡುಗಳನ್ನು ಅರ್ಧರ್ಧ ದಪ್ಪಕ್ಕೆ ಕೊಯ್ದು ಒಂದರ ಮೇಲೊಂದು ಕೂರಿಸಿದ ಮೂಲೆಗೂ ಅದು ನೆರವಾಗುತ್ತದೆ. ತುದಿಗೆ ತುದಿ ಒತ್ತಿ ಮೊಳೆ ಬಡಿದ ಅಥವಾ 45 ಡಿಗ್ರಿಗೆ ಓರೆಯಾಗಿ ಕೊಯ್ದು ಅಂಟಿಸಿದ ಮೂಲೆಗೆ ಮಾತ್ರ ಪಟ್ಟಿಯೇ ಮುಖ್ಯ ಆಧಾರ, ಅದು ಸಡಿಲವಾದರೆ ಕದವೇ ಬಿಚ್ಚಿಕೊಳ್ಳುತ್ತದೆ. ಮಳೆನೀರು ಇಳಿದು ನಿಲ್ಲುವುದು ಕೆಳಗಿನ ಅಡ್ಡಪಟ್ಟಿಯಲ್ಲಾದ್ದರಿಂದ ಎಲ್ಲ ಮೂಲೆಗಳಿಗೂ ಪಟ್ಟಿ ಹಾಕಲಾಗದಿದ್ದಲ್ಲಿ ಕೆಳಗಿನ ಎರಡು ಮೂಲೆಗಳಿಗೆ ಆದ್ಯತೆ ಸಲ್ಲುತ್ತದೆ.

ಕರ್ಣಬಿಗಿ ಎಂಬುದು ತ್ರಿಕೋನದ ತತ್ತ್ವದ ಮೇಲೆ ನಿಂತ ಪರಿಕರ. ಎರಡು ತೆಳು ಸರಳುಗಳು ಅಥವಾ ತಂತಿಗಳು, ಅವುಗಳ ನಡುವೆ ಬಿಗಿತಿರುಪು, ಎರಡು ತುದಿಗಳಲ್ಲಿ ಮೂಲೆಗೆ ಬಡಿಯುವ ಸಣ್ಣ ತಗಡುಗಳು, ಇಷ್ಟೇ ಅದರ ಅಂಗಗಳು. ಟರ್ನ್‌ಬಕಲ್ ಎಂದೂ ಕರೆಯಲಾಗುವ ಬಿಗಿತಿರುಪಿನ ಒಂದು ತುದಿಯಲ್ಲಿ ಬಲಮುಖದ ಸುತ್ತುಗೆರೆಯೂ ಇನ್ನೊಂದು ತುದಿಯಲ್ಲಿ ಎಡಮುಖದ ಸುತ್ತುಗೆರೆಯೂ ಇರುವುದರಿಂದ, ನಡುವಿನ ಒಡಲನ್ನು ಒಂದು ಸುತ್ತು ತಿರುಗಿಸಿದರೆ ಎರಡೂ ಸರಳುಗಳು ಒಂದೊಂದು ಗೆರೆಯಂತರದಷ್ಟು ಒಳಸೇರಿ ಒಟ್ಟು ಉದ್ದ ಅದರ ಎರಡರಷ್ಟು ಕುಗ್ಗುತ್ತದೆ. ಮೂಲೆಪಟ್ಟಿ ಇದ್ದ ಆಕಾರವನ್ನು ಕಾಯ್ದುಕೊಳ್ಳುತ್ತದೆಯೇ ಹೊರತು ಕೆಟ್ಟ ಆಕಾರವನ್ನು ಸರಿಪಡಿಸಲಾರದು. ಕರ್ಣಬಿಗಿಗಾದರೆ ಜೋಲು ಬಿದ್ದ ಕದವನ್ನು ಮತ್ತೆ ಎತ್ತುವ ಶಕ್ತಿಯಿದೆ.

ಕರ್ಣಬಿಗಿಯ ದಿಕ್ಕು ತಪ್ಪಬಾರದು. ಸರಳು ಮತ್ತು ತಂತಿ ಎಳೆತವನ್ನು ಮಾತ್ರ ತಾಳಬಲ್ಲವು, ಒತ್ತಿದರೆ ಬಾಗುತ್ತವೆ. ಬದಿಗೀಲಿನ ಕದ ಜೋಲು ಬಿದ್ದಾಗ ಉದ್ದವಾಗುವುದು ಕೀಲಿನ ಬದಿಯ ಮೇಲ್ಮೂಲೆಯಿಂದ ಚಿಲಕದ ಬದಿಯ ಕೆಳಮೂಲೆಗೆ ಇಳಿಯುವ ಕರ್ಣ. ಆದ್ದರಿಂದ ಲೋಹದ ಕರ್ಣಬಿಗಿ ಇದೇ ಸಾಲಿನಲ್ಲಿರಬೇಕು. ಲೋಹದ ಬದಲು ಮರದ ಓರೆಪಟ್ಟಿಯನ್ನು ಹಾಕುವುದಾದರೆ ದಿಕ್ಕು ತಿರುಗುಮುರುಗಾಗುತ್ತದೆ. ಮರ ಒತ್ತನ್ನು ಚೆನ್ನಾಗಿ ತಾಳುವುದರಿಂದ ಅದು ಕೀಲಿನ ಬದಿಯ ಕೆಳಮೂಲೆಯಿಂದ ಚಿಲಕದ ಬದಿಯ ಮೇಲ್ಮೂಲೆಗೆ ಏರಬೇಕು. ತಪ್ಪು ದಿಕ್ಕಿನಲ್ಲಿ ಕಟ್ಟಿದ ತಂತಿಯನ್ನು ಬಿಗಿದಷ್ಟೂ ಕದ ಇನ್ನಷ್ಟು ಇಳಿಯುತ್ತದೆ. ಕಿಟಕಿಗಿಂತ ಅಗಲ ತೂಕಗಳೆರಡರಲ್ಲೂ ದೊಡ್ಡದಾದ ಜಾಲರಿ ಬಾಗಿಲುಗಳಲ್ಲಿ ಕರ್ಣಬಿಗಿ ಹೆಚ್ಚಾಗಿ ಕಾಣುವುದು ಸಹಜ.

ತೂಗು ಪರಿಕರಗಳು

ಮೇಲಿನಿಂದ ತೂಗುವ ಪರಿಕರ ಎರಡು ಬಿಡಿ ತುಣುಕುಗಳ ಜೋಡಿ. ತೂಗುಕೊಕ್ಕೆಯನ್ನು ಚೌಕಟ್ಟಿನ ಮೇಲಂಚಿಗೂ, ಸೀಳುಬಾಯಿಯಿರುವ ತೂಗುತಗಡನ್ನು ಕದದ ಮೇಲಿನ ಅಡ್ಡಪಟ್ಟಿಗೂ ತಿರುಪಿನಿಂದ ಬಿಗಿಯಲಾಗುತ್ತದೆ. ಕದವನ್ನು ಕೆಳಭಾಗ ಹೊರಚಾಚುವಂತೆ ಓರೆಯಾಗಿ ಎತ್ತಿಹಿಡಿದು, ಎರಡೂ ತಗಡುಗಳನ್ನು ಕೊಕ್ಕೆಗಳಿಗೆ ಸಿಕ್ಕಿಸಿ ಕೆಳಗಿಳಿಸಿದರೆ ಕದ ತನ್ನ ತೂಕದಿಂದಲೇ ಚೌಕಟ್ಟಿನೊಳಗೆ ಬಂದು ಕೂರುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಕದದ ಮೇಲಂಚು ಚೌಕಟ್ಟಿಗೆ ತಾಗಿರುವುದರಿಂದ ಅದನ್ನು ಮೇಲೆತ್ತಲು ಜಾಗವಿರುವುದಿಲ್ಲ; ಗಾಳಿ ಜೋರಾಗಿ ಬೀಸಿದರೂ ಕೊಕ್ಕೆ ಕಳಚುವುದಿಲ್ಲ. ಕಳಚಬೇಕಾದರೆ ಕೆಳಭಾಗವನ್ನು ಹೊರಕ್ಕೆ ತಳ್ಳಿ ಓರೆ ಮಾಡಿಯೇ ಎತ್ತಬೇಕು. ಸ್ಪ್ರಿಂಗಾಗಲಿ ಕೀಲಿಕೈಯಾಗಲಿ ಇಲ್ಲದೆ, ಕದದ ತೂಕ ಮತ್ತು ಕೋನಗಳಿಂದಲೇ ಭದ್ರತೆ ಸಾಧಿಸುವ ಈ ವಿನ್ಯಾಸ ಮೆಚ್ಚತಕ್ಕದ್ದು.

ಎರಡು ತೂಗುಕೊಕ್ಕೆಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಕೊಂಚ ಕೆಳಗಿದ್ದರೂ ಇಡೀ ತೂಕ ಇನ್ನೊಂದರ ಮೇಲೆ ಬಿದ್ದು, ಮೇಲಿನಿಂದ ತೂಗುವ ಕದಕ್ಕಿರುವ ಮುಖ್ಯ ಅನುಕೂಲವೇ ಇಲ್ಲವಾಗುತ್ತದೆ.

ಹೊರಕ್ಕೆ ತೆರೆಯುವ ಕದಗಳ ಕಿಟಕಿಗೆ ಈ ಪದ್ಧತಿ ಹೊಂದುವುದಿಲ್ಲ. ಕರ್ನಾಟಕದ ಮನೆಗಳ ಮರದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಗಾಜಿನ ಅಥವಾ ಹಲಗೆಯ ಕದಗಳು ಹೊರಕ್ಕೆ ತೆರೆಯುತ್ತವೆ, ಚೌಕಟ್ಟಿನ ನಡುವೆ ಕಬ್ಬಿಣದ ಸರಳುಗಳು ಅಥವಾ ಗ್ರಿಲ್ ಇರುತ್ತದೆ. ಹೀಗಾಗಿ ಜಾಲರಿ ಕದಕ್ಕೆ ಉಳಿಯುವ ಜಾಗ ಗ್ರಿಲ್ಲಿನ ಒಳಬದಿ ಮಾತ್ರ, ಅದು ತೆರೆಯಬೇಕಾದ ದಿಕ್ಕು ಕೋಣೆಯೊಳಕ್ಕೆ. ಹೊರಗಿನ ಕದವನ್ನು ಮುಚ್ಚಲು ಗ್ರಿಲ್ಲಿನ ಸಂದಿನಲ್ಲಿ ಕೈ ಹಾಕಬೇಕಾದ್ದರಿಂದ ಜಾಲರಿ ಕದವನ್ನು ದಿನಕ್ಕೆ ಹಲವು ಸಲ ತೆರೆಯಬೇಕಾಗುತ್ತದೆ. ಋತುವಿಗೊಮ್ಮೆ ಮುಟ್ಟುವ ಅಮೆರಿಕದ ಕದಕ್ಕೂ ಇದಕ್ಕೂ ಇರುವ ಮುಖ್ಯ ಭೇದವಿದು. ಆದ್ದರಿಂದ ಇಲ್ಲಿ ತೂಗುಕೊಕ್ಕೆಗೆ ಬದಲಾಗಿ ಬದಿಗೀಲು ನೆಲೆಗೊಂಡಿತು. ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಬಿಜಾಗ್ರಿ ಎನ್ನುವುದು ಈ ಕೀಲನ್ನೇ. ಬದಿಗೀಲಿನೊಂದಿಗೆ ಜೋಲು ಬೀಳುವ ತೊಂದರೆಯೂ ಬಂದಿತು. ಎತ್ತಿ ತೆಗೆಯಬಹುದಾದ ಕೀಲು ಒಂದು ನಡುದಾರಿ. ಅದರಲ್ಲಿ ಚೌಕಟ್ಟಿಗೆ ಬಡಿದ ಅರ್ಧದ ಮೇಲೆ ನಿಂತ ಗೂಟಕ್ಕೆ ಕದದ ಅರ್ಧ ಮೇಲಿನಿಂದ ಇಳಿಯುವುದರಿಂದ, ತಿರುಪು ಬಿಚ್ಚದೆಯೇ ಕದವನ್ನು ಎತ್ತಿ ತೊಳೆಯಲು ಒಯ್ಯಬಹುದು.

ಹಿಡಿ ಪರಿಕರಗಳು

ತೂಗುಹಾಕಿದ ಕದವನ್ನು ಚೌಕಟ್ಟಿಗೆ ಒತ್ತಿ ಹಿಡಿಯಲು ಕೊಕ್ಕೆ ಮತ್ತು ಬಳೆಯ ಜೋಡಿ ಹಳೆಯದು, ಇಂದಿಗೂ ಸಾಕಾಗುವಂಥದ್ದು. ಬಳೆಯನ್ನು ಅಗತ್ಯಕ್ಕಿಂತ ತುಸು ದೂರ ತಿರುಪಿ ಕೂರಿಸಿದರೆ ಕೊಕ್ಕೆ ಬೀಳುವಾಗ ಕದವನ್ನು ಎಳೆದು ಅಂಚಿನ ಸಂದನ್ನು ಮುಚ್ಚುತ್ತದೆ. ಒಂದೇ ತಿರುಪಿನ ಮೇಲೆ ಸುತ್ತುವ ತಿರುಗುಪಟ್ಟಿ, ಚಿಲಕ, ಟವರ್ ಬೋಲ್ಟ್ ಇವೂ ಬಳಕೆಯಲ್ಲಿವೆ. ಕದವನ್ನು ಅರೆ ತೆರೆದು ನಿಲ್ಲಿಸಲು ಸಾಲು ತೂತುಗಳಿರುವ ತಾಳುಪಟ್ಟಿ ಬೇಕಾಗುತ್ತದೆ. ಅಲ್ಯೂಮಿನಿಯಂ ಕದಗಳಲ್ಲಿ ಬಾಗಿದ ಎಲೆ ಸ್ಪ್ರಿಂಗ್ ಅಥವಾ ಒತ್ತಿದರೆ ಒಳಸೇರುವ ಗೂಟ ಕದವನ್ನು ಚೌಕಟ್ಟಿಗೆ ಹಿಡಿಯುವ ಕೆಲಸ ಮಾಡುತ್ತದೆ.

ಲೋಹಗಳು ಮತ್ತು ತುಕ್ಕು

ಮೂಲೆಪಟ್ಟಿ, ಕೀಲುಗಳನ್ನು ಬಹುತೇಕ ಮೃದು ಉಕ್ಕಿನಿಂದ ಅಚ್ಚೊತ್ತಿ, ಮೇಲೆ ಸತುವಿನ ತೆಳು ಲೇಪ ಕೊಟ್ಟು ಮಾರಲಾಗುತ್ತದೆ. ಹಿತ್ತಾಳೆ ಮತ್ತು ತುಕ್ಕುರಹಿತ ಉಕ್ಕು ದುಬಾರಿ, ಬಾಳಿಕೆ ಹೆಚ್ಚು. ಕಡಲ ಗಾಳಿಯ ಉಪ್ಪು ತಾಗುವ ಮಂಗಳೂರು, ಉಡುಪಿ, ಕಾರವಾರಗಳಂಥ ಊರುಗಳಲ್ಲಿ ಸತುವಿನ ತೆಳು ಲೇಪ ಬೇಗ ಸವೆಯುವುದರಿಂದ ತುಕ್ಕುರಹಿತ ಉಕ್ಕೇ ಬೇಕು. ಅದರಲ್ಲೂ ಸಾಮಾನ್ಯ 304 ದರ್ಜೆಗಿಂತ ಮಾಲಿಬ್ಡಿನಂ ಬೆರೆತ 316 ದರ್ಜೆ ಉಪ್ಪನ್ನು ಹೆಚ್ಚು ತಾಳುತ್ತದೆ.

ಒಂದೇ ಲೋಹದ ಗುಣಕ್ಕಿಂತ ಎರಡು ಲೋಹಗಳ ಹೊಂದಾಣಿಕೆಗೆ ಹೆಚ್ಚು ಗಮನ ಬೇಕು. ಬೇರೆ ಬೇರೆ ಲೋಹಗಳು ಒಂದನ್ನೊಂದು ತಾಗಿ, ಅವುಗಳ ಮೇಲೆ ತೇವ ನಿಂತರೆ ಅಲ್ಲಿ ಸಣ್ಣ ವಿದ್ಯುತ್ಕೋಶ ಉಂಟಾಗಿ, ಎರಡರಲ್ಲಿ ಹೆಚ್ಚು ಕ್ರಿಯಾಶೀಲವಾದ ಲೋಹ ಕರಗತೊಡಗುತ್ತದೆ. ತಾಮ್ರದ ಅಥವಾ ಕಂಚಿನ ಜಾಲರಿಯನ್ನು ಉಕ್ಕಿನ ಪುಟ್ಟ ಮೊಳೆಗಳಿಂದ ಬಡಿದರೆ ಮೊಳೆಗಳು ಮೊದಲು ನಾಶವಾಗಿ ಜಾಲರಿ ಸುಸ್ಥಿತಿಯಲ್ಲಿರುವಾಗಲೇ ಕದದಿಂದ ಬಿಡಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಕದಕ್ಕೆ ತಾಮ್ರದ ಜಾಲರಿ ಹಾಕಿದರೆ ಕದವೇ ಸವೆಯುತ್ತದೆ. ಮೊಳೆಯ ಜೋಡಣೆಯಲ್ಲಿ ವಿಸ್ತಾರವಾದ ಜಾಲರಿಯ ಎದುರು ಮೊಳೆಯ ಮೈ ತೀರಾ ಚಿಕ್ಕದಾಗಿರುವುದು ಸವೆತವನ್ನು ಇನ್ನಷ್ಟು ತ್ವರಿತಗೊಳಿಸುತ್ತದೆ. ಜಾಲರಿ, ಮೊಳೆ, ಪಟ್ಟಿ ಮೂರೂ ಒಂದೇ ಲೋಹ ಕುಟುಂಬಕ್ಕೆ ಸೇರಿರಬೇಕೆಂಬ ನಿಯಮಕ್ಕೆ ಇದು ಆಧಾರ.

ಜೋಡಣೆ ಮತ್ತು ನಿರ್ವಹಣೆ

ಮೂಲೆಪಟ್ಟಿ ಬಡಿಯುವ ಮೊದಲು ಕದ ಚೌಕವಾಗಿದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಪಟ್ಟಿ ಓರೆಯನ್ನೂ ಅಷ್ಟೇ ಭದ್ರವಾಗಿ ಉಳಿಸುತ್ತದೆ. ಎದುರುಬದುರು ಮೂಲೆಗಳ ನಡುವಿನ ಎರಡು ಕರ್ಣಗಳನ್ನು ಅಳೆದು ಹೋಲಿಸುವುದು ಇದಕ್ಕೆ ಸುಲಭವೂ ಸೂಕ್ಷ್ಮವೂ ಆದ ವಿಧಾನ. 600 ಮಿ.ಮೀ. ಅಗಲ 1200 ಮಿ.ಮೀ. ಎತ್ತರದ ಕದದಲ್ಲಿ ಕರ್ಣದ ಉದ್ದ ಸುಮಾರು 1342 ಮಿ.ಮೀ. ಇರುತ್ತದೆ. ಅದರ ಒಂದು ಬದಿ 6 ಮಿ.ಮೀ. ಇಳಿದರೆ ಒಂದು ಕರ್ಣ ಐದು ಮಿ.ಮೀ.ಗೂ ಹೆಚ್ಚು ಉದ್ದವಾಗಿ ಇನ್ನೊಂದು ಅಷ್ಟೇ ಗಿಡ್ಡವಾಗುವುದರಿಂದ, ಎರಡರ ನಡುವಿನ ವ್ಯತ್ಯಾಸ 11 ಮಿ.ಮೀ. ಹತ್ತಿರ ಬರುತ್ತದೆ. ಮೂಲೆಮಟ್ಟದಲ್ಲಿ ಕಣ್ಣಿಗೆ ಬೀಳದ ಓರೆ ಹೀಗೆ ಟೇಪಿನಲ್ಲಿ ಸುಮಾರು ಇಮ್ಮಡಿಯಾಗಿ ಕಾಣುತ್ತದೆ.

ಮರದ ಕದಕ್ಕೆ ಜಾಲರಿಯನ್ನು ಬಿಗಿಯಾಗಿ ಎಳೆಯಲು ಬಡಗಿಗಳು ಕದವನ್ನೇ ತಾತ್ಕಾಲಿಕವಾಗಿ ಬಾಗಿಸುವ ಉಪಾಯವೊಂದಿದೆ. ಕದದ ಎರಡು ತುದಿಗಳ ಕೆಳಗೆ ತೆಳು ಹಲಗೆಯ ತುಂಡಿಟ್ಟು, ನಡುಭಾಗವನ್ನು ಮೇಜಿಗೆ ಒತ್ತಿ ಬಿಗಿದು, ಆ ಬಾಗಿದ ಸ್ಥಿತಿಯಲ್ಲಿ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳಿಗೆ ಜಾಲರಿ ಬಡಿಯಲಾಗುತ್ತದೆ. ಬಿಗಿ ಸಡಿಲಿಸಿದಾಗ ಕದ ನೇರವಾಗಲು ಹವಣಿಸಿ ತುದಿಗಳು ಒಂದರಿಂದೊಂದು ದೂರ ಸರಿಯುವುದರಿಂದ ಜಾಲರಿ ತಾನಾಗಿ ಬಿಗಿಯಾಗುತ್ತದೆ. ಅನಂತರ ಬದಿಗಳಿಗೆ ಬಡಿದು, ಮೊಳೆಯ ಸಾಲಿನ ಮೇಲೆ ಮರದ ಬೀಡಿಂಗ್ ಕೂರಿಸಿದರೆ ಕೆಲಸ ಮುಗಿಯುತ್ತದೆ. ಅಲ್ಯೂಮಿನಿಯಂ ಕದದಲ್ಲಿ ಮೊಳೆಯಿಲ್ಲ. ಸುತ್ತಲಿನ ಕಾಲುವೆಯೊಳಕ್ಕೆ ಜಾಲರಿಯನ್ನೂ ಅದರ ಮೇಲೆ ರಬ್ಬರಿನ ಎಳೆಯನ್ನೂ ಪುಟ್ಟ ಗಾಲಿಯಿಂದ ಒತ್ತಿ ಕೂರಿಸಲಾಗುತ್ತದೆ. ಅಲ್ಲಿ ಮೂಲೆಪಟ್ಟಿಯ ಸ್ಥಾನದಲ್ಲಿರುವುದು ಪಟ್ಟಿಗಳ ಟೊಳ್ಳಿನೊಳಗೆ ಅಡಗಿ ಎರಡನ್ನೂ ಲಂಬಕೋನದಲ್ಲಿ ಹಿಡಿಯುವ, ಕ್ಲೀಟ್ ಎಂದು ಕರೆಯಲಾಗುವ ಮೂಲೆತುಣುಕು.

ನಿರ್ವಹಣೆ ಹೆಚ್ಚೇನೂ ಇಲ್ಲ. ಮಳೆಗಾಲಕ್ಕೆ ಮೊದಲು ತಿರುಪುಗಳನ್ನು ಬಿಗಿದು, ಕೀಲುಗಳಿಗೆ ಎಣ್ಣೆ ಹಾಕಿ, ಕರ್ಣಬಿಗಿಯನ್ನು ಅಗತ್ಯವಿದ್ದರೆ ಅರ್ಧ ಸುತ್ತು ತಿರುಗಿಸುವುದು ರೂಢಿ. ತೂತು ಅಗಲವಾಗಿ ತಿರುಪು ಹಿಡಿಯದಿದ್ದರೆ ತೂತಿಗೆ ಅಂಟು ಸವರಿದ ಮರದ ಸೀಳು ತುಂಬಿ ಮತ್ತೆ ತಿರುಪಬಹುದು.

ಉಪಯೋಗ ಮತ್ತು ಮಿತಿ

ಸೊಳ್ಳೆ ತಡೆಯಲು ಒಂದು ಇಂಚಿಗೆ 16 ಕಣ್ಣುಗಳಿರುವ, ಕಣ್ಣಿನ ಅಗಲ 0.0475 ಇಂಚು, ಎಂದರೆ ಸುಮಾರು 1.2 ಮಿ.ಮೀ. ಮೀರದ ಜಾಲರಿಯನ್ನು ಭಾರತದ ಸಮುದಾಯ ವೈದ್ಯಕೀಯ ಪಠ್ಯಗಳು ಸೂಚಿಸುತ್ತವೆ. ಈ ಅಳತೆಯ ಬೆಳಕಿನಲ್ಲಿಯೇ ಬಿಗಿ ಪರಿಕರಗಳ ಮಹತ್ತ್ವವನ್ನು ತೂಗಬೇಕು. ಕದ ಓರೆಯಾಗಿ ಅಂಚಿನಲ್ಲಿ 3 ಮಿ.ಮೀ. ಸಂದು ಬಿಟ್ಟರೆ ಅದು ಜಾಲರಿಯ ಕಣ್ಣಿಗಿಂತ ಎರಡೂವರೆ ಪಟ್ಟು ಅಗಲ, ಅದೂ ಒಂದು ಕಣ್ಣಲ್ಲ, ಕದದ ಉದ್ದಕ್ಕೂ ಚಾಚಿದ ಬಾಗಿಲು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಮಲಗುವಾಗ ಕಟ್ಟುವ ಸೊಳ್ಳೆ ಪರದೆ ಅದರ ವಿರುದ್ಧ ಹೆಚ್ಚು ನೆರವಾಗದು. ಕಿಟಕಿಯ ಜಾಲರಿ ಹಗಲೂ ರಾತ್ರಿಯೂ ಕಾಯುತ್ತದೆ.

ಜಾಲರಿ ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಇಂಚಿಗೆ 18 ಮತ್ತು 16 ಕಣ್ಣುಗಳಿದ್ದು ತಂತಿ 0.28 ಮಿ.ಮೀ. ದಪ್ಪವಿದ್ದರೆ ತೆರೆದ ಭಾಗ ಒಟ್ಟು ವಿಸ್ತೀರ್ಣದ ಸುಮಾರು 66 ಪ್ರತಿಶತ. ಧೂಳು ಕೂತಂತೆ ಇದು ಇನ್ನೂ ಇಳಿಯುವುದರಿಂದ ಸುಲಭವಾಗಿ ಕಳಚಿ ತೊಳೆಯಬಲ್ಲ ತೂಗು ಪರಿಕರಗಳಿಗೆ ಬೆಲೆಯಿದೆ. ಜಾಲರಿ ಕದ ಯಾವ ಕಾರಣಕ್ಕೂ ಜನ ಕಿಟಕಿಯಿಂದ ಬೀಳದಂತೆ ತಡೆಯುವ ಆಸರೆಯಲ್ಲ. ಮಗುವೊಂದು ಒರಗಿದರೂ ಸಾಮಾನ್ಯ ಕೊಕ್ಕೆ ಅಥವಾ ರಬ್ಬರಿನ ಎಳೆ ಬಿಟ್ಟುಕೊಳ್ಳಬಹುದು. ಗ್ರಿಲ್ ಇಲ್ಲದ ಮೇಲಂತಸ್ತಿನ ಕಿಟಕಿಗಳಿಗೆ ಪ್ರತ್ಯೇಕ ತಡೆ ಅನಿವಾರ್ಯ.

ಇಂದಿನ ಸ್ಥಿತಿ

20ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಯೂಮಿನಿಯಂ ಪಟ್ಟಿಗಳೂ ಪ್ಲಾಸ್ಟಿಕ್ ಲೇಪದ ಗಾಜಿನೆಳೆಯ ಜಾಲರಿಯೂ ಹರಡಿದಂತೆ ಮರದ ಜಾಲರಿ ಕದ ಅಮೆರಿಕದಲ್ಲಿಯೇ ಹಿಂದೆ ಸರಿಯಿತು. ಹಳೆಯ ಮನೆಗಳನ್ನು ಮೂಲರೂಪದಲ್ಲಿ ಕಾಪಾಡುವವರಿಗಾಗಿ ತೂಗುಕೊಕ್ಕೆಯ ಜೋಡಿಗಳು ಅಲ್ಲಿ ಈಗಲೂ ತಯಾರಾಗುತ್ತಿವೆ. ಕರ್ನಾಟಕದ ನಗರಗಳ ಹೊಸ ಮನೆಗಳಲ್ಲಿ ಅಲ್ಯೂಮಿನಿಯಂ ಅಥವಾ ಯುಪಿವಿಸಿಯ ಜಾರುವ ಕಿಟಕಿಗಳು ಬಂದು, ಮೂರು ಹಳಿಗಳಲ್ಲಿ ಒಂದನ್ನು ಜಾಲರಿ ಕದಕ್ಕೆ ಬಿಡುವುದು ಸಾಮಾನ್ಯವಾಗಿದೆ. ಅಲ್ಲಿ ಕದದ ತೂಕವನ್ನು ಕೆಳಗಿನ ಗಾಲಿಗಳು ಹೊರುವುದರಿಂದ ತೂಗುವ ಪ್ರಶ್ನೆಯೇ ಇಲ್ಲ, ಆದರೆ ಗಾಲಿ ಸವೆದಾಗ ಕದ ಓರೆಯಾಗಿ ಸಂದು ಬಿಡುವ ಹಳೆಯ ತೊಂದರೆ ಉಳಿದಿದೆ. ಹಳೆಯ ಮರದ ಕಿಟಕಿಗಳಿಗೆ ಅಂಟುಪಟ್ಟಿಯ ಮೇಲೆ ವೆಲ್ಕ್ರೋದಿಂದ ಹಿಡಿಸುವ ನೈಲಾನ್ ಜಾಲರಿ ಅಗ್ಗವೆಂದು ಹರಡಿದೆ. ಅದಕ್ಕೆ ಲೋಹದ ಯಾವ ತುಣುಕೂ ಬೇಡ. ಬಿಸಿಲಿಗೆ ಅಂಟು ಕಳಚುವುದೂ ಪ್ರತಿ ಸಲ ಬಿಡಿಸಿದಾಗ ಹಿಡಿತ ಕುಗ್ಗುವುದೂ ಅದರ ದೋಷಗಳು; ಸರಿಯಾಗಿ ಬಿಗಿದ ಮರದ ಕದದ ಬಾಳಿಕೆಗೆ ಅದು ಸಮವಲ್ಲ. ಆಯಸ್ಕಾಂತದ ಪಟ್ಟಿ, ಸುರುಳಿಯಾಗುವ ಜಾಲರಿ, ನೆರಿಗೆಯಾಗಿ ಮಡಿಸುವ ಜಾಲರಿ ಇವೂ ಮಾರುಕಟ್ಟೆಯಲ್ಲಿವೆ.

ಆರೋಗ್ಯ ಕ್ಷೇತ್ರದಲ್ಲಿ ಮನೆಗೆ ಜಾಲರಿ ಹಾಕುವ ವಿಧಾನಕ್ಕೆ ಮತ್ತೆ ಗಮನ ಸಿಕ್ಕಿದೆ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ನಡೆದು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಕ್ಷೇತ್ರ ಪರೀಕ್ಷೆಯು, ಜಾಲರಿ ಹಾಕಿದ ಮನೆಗಳೊಳಗೆ ಮಲೇರಿಯಾ ಸೊಳ್ಳೆಗಳ ಸಂಖ್ಯೆಯೂ ಅಲ್ಲಿನ ಮಕ್ಕಳಲ್ಲಿ ರಕ್ತಹೀನತೆಯೂ ಕಡಿಮೆಯಿದ್ದುದನ್ನು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಲೇರಿಯಾ ಮಾರ್ಗಸೂಚಿಯಲ್ಲಿ ವಾಸದ ಮನೆಗಳಿಗೆ ಜಾಲರಿ ಅಳವಡಿಸುವುದನ್ನು ಷರತ್ತುಬದ್ಧ ಶಿಫಾರಸಾಗಿ ಸೇರಿಸಿತು. ಕಾರ್ಖಾನೆಯ ಅಲ್ಯೂಮಿನಿಯಂ ಕದ ತಲುಪದ ಊರುಗಳಲ್ಲಿ, ಊರಿನ ಬಡಗಿಯೇ ಮಾಡಿ ಊರಿನಲ್ಲೇ ದುರಸ್ತಿ ಮಾಡಬಲ್ಲ ಮರದ ಕದಕ್ಕೆ ಎಲ್ ಪಟ್ಟಿ, ಕೀಲು, ಕೊಕ್ಕೆ ಬಳೆಗಳು ಈಗಲೂ ಸಾಕಾಗುತ್ತವೆ.